‘ದಂಡಯಾತ್ರೆ’ ಎಂದರೆ ಯಾರ ಪಕ್ಷ?

ಮಾನ್ಯರೇ,

ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧವನ್ನು (1861–65) ಕಥೆಯಂತೆ ಹೇಳಿಕೊಂಡು ಹೋಗುವ ಮೂರು ಸಂಪುಟಗಳ ಇತಿಹಾಸವೊಂದನ್ನು ಕೆಲವು ತಿಂಗಳಿಂದ ಓದುತ್ತ, ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ. ಯುದ್ಧದ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ‘ನಾಗರಿಕ ಯುದ್ಧ’ ಎಂದರೆ ಸಭ್ಯವಾಗಿ ನಡೆದ ಯುದ್ಧವೆಂದು ತಿಳಿಯುವ ಅಪಾಯವಿರುವುದರಿಂದ ‘ಅಂತರ್ಯುದ್ಧ’ವೇ ವಾಸಿ. ನಾನು ಸಿಕ್ಕಿಕೊಂಡಿರುವುದು ಯುದ್ಧಕ್ಕಿಂತ ಕಿರಿದೂ ಕದನಕ್ಕಿಂತ ಹಿರಿದೂ ಆದ, ಇಂಗ್ಲಿಷಿನಲ್ಲಿ ‘ಕ್ಯಾಂಪೇನ್’ ಎನ್ನುವುದಕ್ಕೆ ಕನ್ನಡದ ಹೆಸರು ಹುಡುಕುವಲ್ಲಿ.

ದಕ್ಷಿಣದವರ ಹಿಡಿತದಲ್ಲಿದ್ದ ವಿಕ್ಸ್‌ಬರ್ಗ್ ಪಟ್ಟಣವನ್ನೇ ನೋಡಿ. 1863ರ ಏಪ್ರಿಲ್ ಕೊನೆಗೆ ಉತ್ತರದ ಸೇನಾನಿ ಗ್ರಾಂಟ್ ಆ ಊರಿಗೆ ದಕ್ಷಿಣದಲ್ಲಿ ಮಿಸಿಸಿಪ್ಪಿ ನದಿಯನ್ನು ದಾಟಿದನು. ಮೇ 1ರಿಂದ 17ರೊಳಗೆ ಪೋರ್ಟ್ ಗಿಬ್ಸನ್, ರೇಮಂಡ್, ಜಾಕ್ಸನ್, ಚಾಂಪಿಯನ್ ಹಿಲ್, ಬಿಗ್ ಬ್ಲ್ಯಾಕ್ ನದಿ ಎಂದು ಐದು ಕಡೆ ಕಾದಿ ಗೆದ್ದನು. ಮೇ 19 ಮತ್ತು 22ರಂದು ಊರಿಗೆ ಲಗ್ಗೆಯಿಟ್ಟು ಎರಡು ಸಲವೂ ವಿಫಲನಾಗಿ ಮುತ್ತಿಗೆ ಹಾಕಿ ಕುಳಿತನು. ಜುಲೈ 4ರಂದು ಊರು ಶರಣಾಯಿತು. ಲಗ್ಗೆ, ಮುತ್ತಿಗೆ, ಕೊತ್ತಲ, ಕಂದಕ ಎಂಬ ನಮ್ಮ ಕೋಟೆಗಳ ಕಾಲದ ಮಾತುಗಳು ಇಲ್ಲಿ ತಾವಾಗಿ ಬಂದು ಕೂರುತ್ತವೆ (ಈ ಭಾಗವನ್ನು ಬರೆಯುವಾಗ ಅಮೆರಿಕ ನನಗೆ ಮರೆತೇ ಹೋಗಿತ್ತು). ಆದರೆ ನದಿ ದಾಟಿದಲ್ಲಿಂದ ಶರಣಾಗತಿಯವರೆಗಿನ ಇಡಿಯದನ್ನು ಏನೆಂದು ಕರೆಯಬೇಕು?

ಮೊದಲು ನೆನಪಿಗೆ ಬರುವುದು ‘ದಂಡಯಾತ್ರೆ’. ನನ್ನ ಕಿವಿಗೆ ಅದು ಪರರಾಜ್ಯದ ಮೇಲೆ ದಂಡೆತ್ತಿ ಹೋಗುವುದು. ಉತ್ತರದ ಲಿಂಕನ್ ಸರ್ಕಾರದ ವಾದವಾದರೋ ದಕ್ಷಿಣದ 11 ರಾಜ್ಯಗಳಿಗೆ ಒಕ್ಕೂಟವನ್ನು ಬಿಡುವ ಹಕ್ಕೇ ಇಲ್ಲ, ನಡೆದಿರುವುದು ದಂಗೆ ಎಂಬುದಾಗಿತ್ತು. ಮುಂದೆ ಸರ್ಕಾರವೇ ಅಚ್ಚು ಹಾಕಿಸಿದ ಯುದ್ಧದ ದಾಖಲೆಗಳ ಹೆಸರಿನಲ್ಲೂ ‘ದಂಗೆ’ಯೇ ಇದೆ. ದಕ್ಷಿಣದವರ ಪಾಲಿಗೆ ಅದು ಹೊರಗಿನವರ ಆಕ್ರಮಣ. ಹಾಗಾಗಿ ಗ್ರಾಂಟನದು ದಂಡಯಾತ್ರೆ ಎಂದ ಕೂಡಲೇ ನಾನು ಅರಿವಿಲ್ಲದೆ ದಕ್ಷಿಣದ ಪಕ್ಷ ವಹಿಸಿದಂತಾಗುತ್ತದೆ. ಅದೇ ಬೇಸಿಗೆಯಲ್ಲಿ ಉತ್ತರದ ಪೆನ್ಸಿಲ್ವೇನಿಯ ರಾಜ್ಯಕ್ಕೆ ನುಗ್ಗಿ ಗೆಟಿಸ್‌ಬರ್ಗ್‌ನಲ್ಲಿ ಸೋತ ದಕ್ಷಿಣದ ಸೇನಾನಿ ಲೀಯ ನಡೆಗೆ ಈ ಪದ ಹೊಂದುತ್ತದೆ ಎನ್ನೋಣವೆಂದರೆ, ಅಲ್ಲಿಯೂ ದಕ್ಷಿಣವು ಬೇರೆಯೇ ದೇಶವೆಂದು ಮೊದಲು ಒಪ್ಪಿಕೊಂಡಿರಬೇಕು.

‘ಕಾರ್ಯಾಚರಣೆ’ಯಲ್ಲಿ ಪೊಲೀಸರ ವಾಸನೆಯಿದೆ. ‘ಅಭಿಯಾನ’ಕ್ಕೆ ಸೈನ್ಯ ಮುನ್ನಡೆಯುವ ಅರ್ಥ ಹಿಂದಿನಿಂದಲೂ ಇದ್ದರೂ ಈಗ ಅದು ಸ್ವಚ್ಛತೆಗೂ ಮತದಾನದ ಜಾಗೃತಿಗೂ ಸಂದುಹೋಗಿದೆ. ಸದ್ಯಕ್ಕೆ ‘ಸಮರಸರಣಿ’ ಎಂದು ಬರೆದುಕೊಂಡಿದ್ದೇನೆ, ಬಾಯಿಗೆ ಒಗ್ಗಿಲ್ಲ.

ದಂಡಯಾತ್ರೆಯಲ್ಲಿ ಪರನಾಡೆಂಬ ಅರ್ಥ ಇರಲೇಬೇಕೆ? ತನ್ನದೇ ನಾಡಿನಲ್ಲಿ ತಿರುಗಿಬಿದ್ದ ಪಾಳೆಯಗಾರನ ಮೇಲೆ ಅರಸನು ದಂಡು ಕಳುಹಿಸಿದ ಸಂದರ್ಭದಲ್ಲಿ ಈ ಪದ ಬಳಕೆಯಾದುದನ್ನು ಶಾಸನಗಳಲ್ಲೋ ಕೈಫಿಯತ್ತುಗಳಲ್ಲೋ ಕಂಡವರು ದಯವಿಟ್ಟು ಸಾಲುಸಮೇತ ತಿಳಿಸಬೇಕಾಗಿ ಕೋರುತ್ತೇನೆ.