ಮಾಗಡಿ ಕೆರೆಗೆ ಮಕ್ಕಳನ್ನು ಕರೆದೊಯ್ಯಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ನಮ್ಮ ಶಾಲೆಯ 28 ಮಕ್ಕಳನ್ನು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಕರೆದೊಯ್ಯುತ್ತಿದ್ದೇನೆ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಅವರು ಕಣ್ಣಾರೆ ನೋಡಲೇಬೇಕು. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆ ಇಷ್ಟು ಹತ್ತಿರವಿದ್ದರೂ ನಮ್ಮ ಹೆಚ್ಚಿನ ಮಕ್ಕಳು ಅದರ ದಂಡೆಯನ್ನೇ ಕಂಡಿಲ್ಲ. ನನಗೆ ಇದು ನೋವಿನ ಸಂಗತಿ.

ನಮ್ಮಲ್ಲಿರುವುದು ಒಂದೇ ದುರ್ಬೀನು, ಅದರ ಒಂದು ಗಾಜು ಮಸುಕಾಗಿದೆ. ಒಂದು ದಿನದ ಮಟ್ಟಿಗೆ ಇನ್ನೆರಡನ್ನು ಯಾರಾದರೂ ಎರವಲು ಕೊಡುವಿರಾ? ರಾತ್ರಿ ಹೊಲಗಳಲ್ಲಿ ಮೇಯ್ದ ಹೆಬ್ಬಾತುಗಳು ಬೆಳಗ್ಗೆ ಎಷ್ಟು ಹೊತ್ತಿಗೆ ಕೆರೆಗೆ ಮರಳುತ್ತವೆ? ಆ ಭಾಗದವರು ತಿಳಿಸಿದರೆ ಗಾಡಿಯನ್ನು ಅದಕ್ಕೆ ತಕ್ಕಂತೆ ಹೊರಡಿಸುತ್ತೇನೆ.

ಹಕ್ಕಿಗಳನ್ನು ಗುರುತಿಸಬಲ್ಲವರೊಬ್ಬರು ಜೊತೆಗೆ ಬಂದರೆ ಇನ್ನೂ ಸಂತೋಷ. ಬುತ್ತಿಯಲ್ಲಿ ಅವರಿಗೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಬರುತ್ತೇವೆ.