ಐದು ತಿಂಗಳ ಬಸುರಿ, ವಾಕಿಂಗ್ ಹೋಗಾಕ ಧೈರ್ಯನ ಬರವಲ್ದು

ಕೊಪ್ಪಳದ ಹುಡುಗಿ:
ಎಲ್ಲಾರಿಗೂ ನಮಸ್ಕಾರ್ರಿ. ನನಗ ಈಗ ಐದು ತಿಂಗಳು, ಚೊಚ್ಚಲ. ಮದಿವಿಗಿಂತ ಮುಂಚೆ ದಿನಾ ಗವಿಮಠದ ತನಕ ನಡಕೊಂಡು ಹೋಗಿ ಬರಾಕಿ ನಾನು, ಈಗ ಓಣಿ ದಾಟಾಕೂ ಅಂಜಿಕಿ. ಹೋದ ತಿಂಗಳು ಬಜಾರದಾಗ ಬಿಸಲಿಗೆ ಕಣ್ಣಿಗೆ ಕತ್ಲಿ ಬಂದು ಅಂಗಡಿ ಕಟ್ಟಿ ಮ್ಯಾಲೆ ಕುಂತಬಿಟ್ಟೆ, ಅವತ್ತಿಂದ ಅತ್ತಿ ಹೊಸ್ತಿಲ ದಾಟಾಕ ಬಿಡವಲ್ರು. ಡಾಕ್ಟರ್ ನೋಡಿ ರಕ್ತ, ಬಿಪಿ ಎಲ್ಲಾ ಸರಿ ಐತಿ, ದಿನಾ ಅರ್ಧ ತಾಸು ನಡೀರಿ ಅಂದಾರ. ಮನಿಯವ್ರದು ಗಿಣಿಗೇರಿ ಕಡೆ ಫ್ಯಾಕ್ಟ್ರಿ ಶಿಫ್ಟು, ಬಂದವ್ರು ಮಲಗಿಬಿಡ್ತಾರ. ಅತ್ತಿ ಕೆಟ್ಟೋರಲ್ಲ ಮತ್ತ, ರೊಟ್ಟಿನೂ ತಾವ ಬಡೀತಾರ. ಆದ್ರ ಕುಂತು ಕುಂತು ನಿದ್ದಿ ಹತ್ತವಲ್ದು, ಹೆರಿಗಿ ಹೆಂಗ ತಡಕೊಂತೀನೋ ಅನ್ನೋದೊಂದ ಚಿಂತಿ. ಏನ್ ಮಾಡ್ಲಿ ಹೇಳ್ರಿ.

ಗಂಗಾವತಿ ಅಕ್ಕ:
ತಂಗಿ, ನನ್ನ ಮೊದಲ್ನೇ ಸರ್ತಿನೂ ಹಿಂಗ ಆಗಿತ್ತು. ಡಾಕ್ಟರ್ ನಡಿ ಅಂದ್ರು ಅಂತ ನಾ ಬಂದು ಹೇಳಿದ್ರ ಅತ್ತಿ ನಂಬತಿರಲಿಲ್ಲ, ಆಮ್ಯಾಲೆ ಅವರನ್ನ ಚೆಕಪ್ಪಿಗೆ ಜೋಡಿ ಕರ್ಕೊಂಡ ಹೋದೆ. "ನಡದ್ರ ಕೂಸು ಜಾರಂಗಿಲ್ಲೇನ್ರಿ" ಅಂತ ಅವರ ಬಾಯಿಂದನ ಕೇಳಿದ್ರು, ಡಾಕ್ಟರಮ್ಮ ತಾಯಿ ಕಾರ್ಡ್ ತಗದು ಒಂದೊಂದ ತೋರಿಸಿ ಹೇಳಿದ್ರು. ಮರುದಿನದಿಂದ ನನ್ನ ಎಬ್ಬಸೋರ ಅವರಾದ್ರು. ನಿಮ್ಮತ್ತಿ ಯಾಕ ಅಷ್ಟು ಅಂಜತಾರ ಅಂತ ಒಂದ್ಸಲ ಮಗ್ಗಲ ಕುಂತು ಕೇಳವ್ವಾ, ಏನರ ಇರತೈತಿ.

ರಾಯಚೂರು, ನಿವೃತ್ತ ನರ್ಸ್:
ಮಗಳ, ಧೈರ್ಯ ಬಂದ ಮ್ಯಾಲೆ ನಡೀತೀನಿ ಅಂದ್ರ ಅದು ಬರಂಗಿಲ್ಲ, ನಡದಂಗ ನಡದಂಗ ಬರತೈತಿ. ಬಂಡೂರ ಅನ್ನೋ ಮನಶಾಸ್ತ್ರಜ್ಞರು 1977ರಾಗ ಇದನ್ನ ಬರದಾರ: ತಾನ ಮಾಡಿ ನೋಡಿದ್ದು, ತನ್ನಂಥೋರು ಮಾಡೋದು ಕಂಡಿದ್ದು, ಬೇಕಾದೋರು ಹೇಳೋ ಮಾತು, ತನ್ನ ಮೈ ಹೆಂಗನಸ್ತೈತಿ ಅನ್ನೋದು, ಇವುಗಳಿಂದ ‘ನನ್ನ ಕೈಲಿ ಆಗತೈತಿ’ ಅನ್ನೋ ನಂಬಿಕಿ ಹುಟ್ತೈತಿ ಅಂತ. ನಿನಗ ಬಜಾರದಾಗ ಕಣ್ಣಿಗೆ ಕತ್ಲಿ ಬಂದು ಆ ಕಡೀದು, ಮೈ ಮ್ಯಾಲಿನ ನಂಬಿಕಿ, ಕೆಟ್ಟೈತಿ ಅಷ್ಟ. ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಹೇಳಿದ್ದು ತೊಂದ್ರಿ ಇಲ್ಲದ ಬಸುರಿಗೆ ವಾರಕ್ಕ ಕಡಿಮಿ ಅಂದ್ರೂ 150 ನಿಮಿಷ ಹದವಾದ ವ್ಯಾಯಾಮ, ಆದ್ರ ನೀ ಹತ್ತು ನಿಮಿಷದಿಂದ ಶುರು ಮಾಡು. ನಮ್ಮ ಕಡೆ ಬಿಸಲಾಗ ಬ್ಯಾಡ, ಹೊತ್ತು ಮುಣಗಿದ ಮ್ಯಾಲೆ ಇಲ್ಲಾ ನಸುಕಿನ್ಯಾಗ, ಖಾಲಿ ಹೊಟ್ಟಿಲೆ ಅಂತೂ ಹೋಗಬ್ಯಾಡ, ನೀರಿನ ಬಾಟ್ಲಿ ಕೈಯಾಗ ಇರಲಿ. ನಡಕೋಂತ ಮಾತಾಡಾಕ ಬರಬೇಕು, ಮಾತು ಕಡದು ಉಸರು ಹತ್ತಿದ್ರ ನಿಲ್ಲು. ರಕ್ತ ಕಂಡ್ರ, ನೀರು ಹೋದ್ರ, ಹೊಟ್ಟಿ ಬಿಗದು ಬಿಗದು ನೋವು ಬಂದ್ರ, ಎದಿ ನೋವು, ಜೋರು ತಲಿನೋವು, ಒಂದ ಕಾಲು ಬಾತು ನೊಂದ್ರ ಕುಂತು ವಿಚಾರ ಮಾಡಬ್ಯಾಡ, ಸೀದಾ ದವಾಖಾನಿ. ಓದೋ ಬ್ಯಾರೆಯವ್ರಿಗೂ ಹೇಳತೀನಿ, ಮಾಸು ಗರ್ಭಕೋಶದ ಬಾಯಿ ಹತ್ರ ಕೆಳಗ ಇದ್ದೋರು, ಬಿಪಿ ಇದ್ದೋರು, ರಕ್ತ ಭಾಳ ಕಡಿಮಿ ಇದ್ದೋರು ಡಾಕ್ಟರ್‌ನ ಕೇಳದ ಶುರು ಮಾಡಬ್ಯಾಡ್ರಿ.

ಸಿಂಧನೂರು ಅಪ್ಪ:
ಅಕ್ಕಾರ, ನಿಮ್ಮನಿಯವ್ರಿಗೆ ಇದನ್ನ ಓದಸ್ರಿ. ನಾನೂ ಗುಳಿಗಿ ಹಣ್ಣು ತಂದುಕೊಟ್ರ ನನ್ನ ಕೆಲಸ ಮುಗೀತು ಅನ್ಕೊಂಡಿದ್ದೆ. ನನ್ನ ಹೆಂಡ್ತಿ ಒಂದಿನ "ಹಣ್ಣು ಬ್ಯಾಡ, ಜೋಡಿ ಬರ್ರಿ ಸಾಕು" ಅಂದ್ಲು. ನೈಟ್ ಡ್ಯೂಟಿ ಮುಗಿಸಿ ಬಂದು ಮಲಗೋ ಮುಂಚೆ ಇಬ್ರೂ ಕಾಲುವಿ ತನಕ ಹೋಗಿ ಬರತಿದ್ವಿ, ಆ ಒಂಬತ್ತು ತಿಂಗಳದಾಗ ನಾವು ಮಾತಾಡಿದಷ್ಟು ಮದಿವ್ಯಾದಾಗಿಂದ ಮಾತಾಡಿರಲಿಲ್ಲ.

ಕೊಪ್ಪಳದ ಹುಡುಗಿ:
ಗಂಗಾವತಿ ಅಕ್ಕಾ, ಕೇಳಿದೆ. ನಮ್ಮನಿಯವ್ರು ಹುಟ್ಟೋಕಿಂತ ಮುಂಚೆ ಅತ್ತಿಗೆ ಒಂದು ಕೂಸು ಏಳು ತಿಂಗಳದಾಗ ಹೋಗಿತ್ತಂತ. ಬಾವಿ ನೀರು ಹೊತ್ಕೊಂಡು ಬರಾಗ ಜಾರಿ ಬಿದ್ದಿದ್ರಂತ. ಇಷ್ಟು ವರ್ಷ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಇಬ್ರೂ ಭಾಳ ಹೊತ್ತು ಅತ್ತಿವಿ. ನಾನು ನರ್ಸಮ್ಮ ಹೇಳಿದ್ದು ಪೂರಾ ಓದಿ ಹೇಳಿದೆ, ಸುಮ್ನ ಕೇಳಿದ್ರು. ನಿನ್ನೆ ದೀಪ ಹಚ್ಚಿದ ಮ್ಯಾಲೆ ಅವರ "ನಡಿ" ಅಂದ್ರು, ಹಣಮಪ್ಪನ ಗುಡಿ ತನಕ ಹೋದ್ವಿ, ನನ್ನ ಮೊಣಕೈ ಗಟ್ಟಿ ಹಿಡಕೊಂಡಿದ್ರು, ಚಂಬಿನ ತುಂಬ ನೀರು ಬ್ಯಾರೆ. ಕಟ್ಟಿ ಮ್ಯಾಲೆ ಕುಂತು ನೀರು ಕುಡದ್ವಿ, ಕಣ್ಣಿಗೆ ಕತ್ಲಿ ಏನೂ ಬರಲಿಲ್ಲ. ವಾಪಸ್ ಬರಾಗ ಕೈ ಬಿಟ್ಟು ಒಂದ ಹೆಜ್ಜಿ ಹಿಂದ ನಡದ್ರು. ಮುಂದಿನ ಚೆಕಪ್ಪಿಗೆ ತಾವೂ ಬರತಾರಂತ.