ಅಪ್‌ಡೇಟ್: ಬಕೆಟ್ ಫಿಲ್ಟರಿಂದ ಕಪ್ಪು ನೀರು ಬರ್ತಿತ್ತಲ್ಲ, ಅದರ ಕಥೆ

ಹೋದ ತಿಂಗಳು ಕೇಳಿದ್ನಲ್ಲ, ಮರಳು ಜಲ್ಲಿ ಇದ್ದಿಲು ಹಾಕಿ ಮನೇಲೇ ಮಾಡಿದ ಫಿಲ್ಟರಿಂದ ಕಪ್ಪು ನೀರು ಬರ್ತಿದೆ ಕುಡೀಬಹುದಾ ಅಂತ, ಅದರ ಅಪ್‌ಡೇಟ್ ಇದು.

ಕಪ್ಪಗಿದ್ದಿದ್ದು ಬರೀ ಇದ್ದಿಲ ಪುಡಿ, ನಾನು ತೊಳೀದೇ ಹಾಕ್ಬಿಟ್ಟಿದ್ದೆ (ಸೋಮಾರಿತನ, ಇನ್ನೇನು). ಎಲ್ಲಾ ಹೊರಗೆ ಸುರಿದು ಮರಳನ್ನ ಏಳೆಂಟು ಸಲ ತೊಳ್ದೆ, ಮೊದಲು ನೀರು ಟೀ ಬಣ್ಣ ಇತ್ತು ಆಮೇಲಾಮೇಲೆ ತಿಳಿಯಾಯ್ತು. ತಳದಲ್ಲಿ ಜಲ್ಲಿ, ಅದರ ಮೇಲೆ ಇದ್ದಿಲು, ಮೇಲೆ ದಪ್ಪಗೆ ಮರಳು, ಮಧ್ಯೆ ಮಧ್ಯೆ ಬಟ್ಟೆ ಹಾಸಿದೀನಿ, ಹಂಗಾಗಿ ಒಂದಕ್ಕೊಂದು ಕಲಸಿಹೋಗಲ್ಲ.

ಈಗ ಲೋಟದ ಹಿಂದೆ ಪೇಪರ್ ಹಿಡಿದ್ರೆ ಅಕ್ಷರ ಓದ್ಬಹುದು, ವಾಸನೆನೂ ಇಲ್ಲ. ಖುಷೀಲಿ ಕುಡ್ದೇಬಿಡ್ತಿದ್ದೆ, ಮೊದ್ಲು ಟೆಸ್ಟ್ ಮಾಡಿ ಅಂದವ್ರಿಗೆ ದೊಡ್ಡ ಥ್ಯಾಂಕ್ಸ್, ಯಾಕಂದ್ರೆ ಬ್ಯಾಕ್ಟೀರಿಯಾ ಟೆಸ್ಟ್ ಬಾಟ್ಲೀಲಿ ತುಂಬಿಸಿಟ್ಟು ಮಾರನೇ ದಿನ ನೋಡಿದ್ರೆ ಕರ್ರಗಾಗಿತ್ತು (ಈ ಬಾಟ್ಲಿ ಕಪ್ಪಾದ್ರೆ ನೀರಲ್ಲಿ ಬ್ಯಾಕ್ಟೀರಿಯಾ ಇರ್ಬಹುದು ಅಂತ ಅರ್ಥ)! ಅಷ್ಟು ತಿಳಿ ಕಾಣೋ ನೀರು ಕಣ್ರೀ.

ಸೋ ಈಗ ಸೋಸಿದ್ಮೇಲೆ ಕುದಿಸೇ ಕುಡಿಯೋದು, ಕೊತಕೊತ ಕುದಿಯೋಕೆ ಶುರುವಾದ್ಮೇಲೆ 1 ನಿಮಿಷ ಸಾಕು, 2000 ಮೀಟರಿಗಿಂತ ಎತ್ತರದಲ್ಲಿರೋರು 3 ನಿಮಿಷ. ಕುದಿಸಿದ ನೀರಿನ ಬಾಟ್ಲಿ ಕಪ್ಪಾಗ್ಲಿಲ್ಲ. ಗ್ಯಾಸ್ ಖಾಲಿಯಾದ ದಿನ ತಿಳಿ ನೀರನ್ನ ಬಣ್ಣ ಇಲ್ದಿರೋ ಪೆಟ್ (PET) ಪ್ಲಾಸ್ಟಿಕ್ ಬಾಟ್ಲೀಲಿ 6 ಗಂಟೆ ಜೋರು ಬಿಸಿಲಿಗಿಟ್ಟೆ, ಮೋಡ ಇದ್ರೆ 2 ದಿನ ಇಡ್ಬೇಕು.

ಫ್ಲೋರೈಡ್ ಬಗ್ಗೆ ಒಬ್ರು ಕೇಳಿದ್ರಿ, ಅದಕ್ಕೆ ಈ ಬಕೆಟ್ಟೂ ಆಗಲ್ಲ ಕುದಿಸಿದ್ರೂ ಹೋಗಲ್ಲ, ಲ್ಯಾಬಲ್ಲಿ ನೀರು ಟೆಸ್ಟ್ ಮಾಡ್ಸಿ.